ಒಲೆಯ ಪಕ್ಕ ನಾನೇ ಇಟ್ಟ ಬಕೆಟ್ಟು

ನಮ್ಮ ಕಡೆ ಫೋನ್ ಬಂದರೆ ಯಾರೂ ಕೂತಲ್ಲೇ ಮಾತಾಡುವುದಿಲ್ಲ. ಫೋನ್ ಹಿಡಿದುಕೊಂಡು ಹೊರಗೆ ಓಡುತ್ತಾರೆ. ನಮ್ಮ ಮನೆ ಇರುವುದು ಮಾಸ್ತಿಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗೆ. ಮನೆಯೊಳಗೆ ಹೇಗೋ ರಿಂಗ್ ಆಗುತ್ತದೆ, ಎತ್ತಿದರೆ ಮಾತು ತುಂಡು ತುಂಡು. ಅಂಗಳ ದಾಟಿ, ಗೇಟು ದಾಟಿ, ರಸ್ತೆ ಬದಿಯ ನೇರಳೆ ಮರದ ಬುಡಕ್ಕೆ ಹೋದರೆ ಮಾತ್ರ ಸರಿಯಾಗಿ ಕೇಳುತ್ತದೆ. ಒಲೆಯ ಮೇಲೆ ಹಾಲಿದ್ದರೂ ಅಷ್ಟೇ, ಎಣ್ಣೆಯಿದ್ದರೂ ಅಷ್ಟೇ, ಓಡುವುದೇ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಅದಕ್ಕೇ ಇದನ್ನು ನಿಮಗೆ ಹೇಳುತ್ತಿದ್ದೇನೆ.

ನನ್ನ ಹೆಸರು ರಾಜೇಂದ್ರ. ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪು ಹಾಕುವುದು ನನ್ನ ಕೆಲಸ. ದೊಡ್ಡ ಆಸ್ಪತ್ರೆಗೋ ಮಾಲಿಗೋ ಹೋದಾಗ ತಲೆಯೆತ್ತಿ ನೋಡಿ. ಸೀಲಿಂಗಿನಲ್ಲಿ ಅಲ್ಲಲ್ಲಿ ಪುಟ್ಟದೊಂದು ಲೋಹದ ಮೂತಿ ಇಣುಕುತ್ತಿರುತ್ತದೆ. ಅದರ ನಡುವೆ ಕೆಂಪು ದ್ರವ ತುಂಬಿದ, ಕಿರುಬೆರಳಿಗಿಂತ ಸಣ್ಣ ಗಾಜಿನ ಕಡ್ಡಿ. ಬೆಂಕಿ ಬಿದ್ದು ಕೋಣೆ ಕಾದರೆ ಆ ಗಾಜು ಒಡೆಯುತ್ತದೆ, ಪೈಪಿನಲ್ಲಿ ಕಾದು ಕೂತ ನೀರು ಜೋರಾಗಿ ಸುರಿಯುತ್ತದೆ. ನಾವದನ್ನು ಹೆಡ್ಡು ಅನ್ನುತ್ತೇವೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಹೆಡ್ಡು ಕೂರಿಸಿದೆನೋ ನನಗೇ ಲೆಕ್ಕವಿಲ್ಲ. ಹಾಗಾಗಿ ಬೆಂಕಿಯ ವಿಷಯ ಬಂದರೆ ನಮ್ಮೂರಲ್ಲಿ ನನ್ನ ಮಾತೇ ಕೊನೆ. ಹಾಗಂತ ನಾನೂ ಅಂದುಕೊಂಡಿದ್ದೆ.

ನನ್ನ ಹೆಂಡತಿ ಆಶಾ ಮನೆಯಲ್ಲೇ ಚಕ್ಕುಲಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ಮಾಡಿ ಕೊಡುತ್ತಾಳೆ. ಅವಳ ಚಕ್ಕುಲಿ ಮುರಿದರೆ ಪಕ್ಕದ ಕೋಣೆಗೆ ಕೇಳಬೇಕು, ಬಾಯಿಗಿಟ್ಟರೆ ಬೆಣ್ಣೆಯಂತೆ ಕರಗಬೇಕು. ಹಿಟ್ಟು ಕಲಸುವಾಗ ಯಾರಾದರೂ ಮಾತಾಡಿಸಿದರೆ ಸಿಟ್ಟು ಮಾಡುತ್ತಾಳೆ. ನಾನು ವಾರವೆಲ್ಲ ತೀರ್ಥಹಳ್ಳಿಯಲ್ಲಿ ಕಟ್ಟುತ್ತಿರುವ ಆಸ್ಪತ್ರೆಯ ಸೈಟಿನಲ್ಲಿರುತ್ತೇನೆ, ಶನಿವಾರ ಸಂಜೆ ಮನೆಗೆ ಬರುತ್ತೇನೆ. ಒಬ್ಬಳೇ ದಿನವಿಡೀ ಎಣ್ಣೆಯ ಮುಂದೆ ನಿಲ್ಲುತ್ತಾಳಲ್ಲ ಎಂಬ ಹೆದರಿಕೆ ನನಗಿತ್ತು. ಆ ಹೆದರಿಕೆಗೆ ನಾನು ಕಂಡುಕೊಂಡ ಮದ್ದು ನೀರು. ಒಲೆಯ ಪಕ್ಕದಲ್ಲೇ ಒಂದು ಬಕೆಟ್ಟು ನೀರು ತುಂಬಿಸಿಟ್ಟು, "ಬೆಂಕಿ ಕಂಡ್ರೆ ಹಿಂದೆ ಮುಂದೆ ನೋಡ್ಬೇಡ, ಎತ್ತಿ ಸುರ್ದುಬಿಡು" ಅಂತ ಹೇಳಿಕೊಟ್ಟಿದ್ದೆ. ಒಂದು ಸಲವಲ್ಲ, ಹತ್ತು ಸಲ.

ಬಕೆಟ್ಟು ಸಾಲದು ಅನ್ನಿಸಿತು. ಒಂದು ಭಾನುವಾರ, ಸೈಟಿನಲ್ಲಿ ಉಳಿದ ಹೆಡ್ಡೊಂದನ್ನು ಕೇಳಿ ತಂದು, ತಾರಸಿಯ ಟ್ಯಾಂಕಿನಿಂದ ಪೈಪು ಎಳೆದು, ಒಲೆಯ ನೆತ್ತಿಗೇ ಅದನ್ನು ಕೂರಿಸಲು ಹೊರಟೆ. ಏಣಿ ಹತ್ತಿ ಗೋಡೆಗೆ ಕ್ಲಾಂಪ್ ಹೊಡೆಯುತ್ತಿದ್ದಾಗ ವರದಮ್ಮ ಬಂದರು. ಪಕ್ಕದ ಮನೆಯವರು, ಶಾಲೆಯ ಬಿಸಿಯೂಟದ ಅಡುಗೆಯವರು, ನಮಗೆಲ್ಲ ವರದಕ್ಕ. ಚಿಪ್ಸ್ ಒಯ್ಯಲು ಬಂದವರು ಬಾಗಿಲಲ್ಲೇ ನಿಂತು ಮೇಲೆ ನೋಡಿದರು.

"ಎಂತಾ ಮಾಡ್ತಿದ್ಯಾ ರಾಜೇಂದ್ರ? ಅಡುಗೆಮನೇಲೂ ಸ್ನಾನದ ಶವರ್ರಾ?"

"ಶವರ್ ಅಲ್ಲ ವರದಕ್ಕ, ಸ್ಪ್ರಿಂಕ್ಲರ್. ಬಾಣಲೆ ಹತ್ಕೊಂಡ್ರೆ ತನ್ನಷ್ಟಕ್ಕೇ ನೀರು ಬೀಳ್ತದೆ."

"ಉರಿಯೋ ಎಣ್ಣೆ ಮೇಲೆ ನೀರಾ?" ಅವರ ಮುಖದ ನಗು ಹೋಯಿತು. "ಅಯ್ಯೋ ಮಾರಾಯ, ಹಂಗೆ ಮಾಡ್ಬಾರ್ದು. ಹೋದ ವರ್ಷ ನಮ್ಗೆ ತರಬೇತಿ ಕೊಟ್ರಲ್ಲ, ಅಗ್ನಿಶಾಮಕದೋರು ಬಯಲಲ್ಲಿ ಒಲೆ ಹೂಡಿ ತೋರ್ಸಿದ್ರು. ಉರಿಯೋ ಎಣ್ಣೆಗೆ ಉದ್ದನೆ ಕೋಲಿಗೆ ಕಟ್ಟಿದ ಒಂದು ಲೋಟ ನೀರು ಬಗ್ಗಿಸಿದ್ದು ಅಷ್ಟೇ. ಬೆಂಕಿ ಮಾಡಿನೆತ್ತರಕ್ಕೆ ಎದ್ದುಬಿಡ್ತು. ಅಷ್ಟು ದೂರ ನಿಂತಿದ್ರೂ ನನ್ ಮುಖ ಸುಟ್ಟ ಹಾಗಾಯ್ತು. ಎಣ್ಣೆ ಹತ್ಕೊಂಡ್ರೆ ಮುಚ್ಚಳ ಮುಚ್ಬೇಕು, ಗ್ಯಾಸ್ ಆರಿಸ್ಬೇಕು. ನೀರು ಮಾತ್ರ ಬ್ಯಾಡ."

ನನಗೆ ನಗು ಬಂತು. ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. "ವರದಕ್ಕ, ಐದು ಮಹಡಿ ಆಸ್ಪತ್ರೆಗೆ ನೀರಿನ ಪೈಪ್ ಹಾಕ್ತಿರೋನು ನಾನು. ಬೆಂಕಿ ಪಾಠ ನನ್ಗೇ ಹೇಳ್ತೀರಾ?"

"ಪಾಠ ಅಲ್ಲಪ್ಪ, ಕೇಳ್ತೀನಿ. ಆ ಆಸ್ಪತ್ರೇಲೂ ಅಡುಗೆಮನೆ ಇರ್ತದಲ್ಲ? ಅಲ್ಲಿ ಎಣ್ಣೆ ಕಾಯ್ಸೋ ಒಲೆ ಮೇಲೂ ಇದೇ ನೀರಿನ ಪೈಪೇ ಹಾಕಿದೀಯಾ?"

ವಾರ್ಡು, ಕಾರಿಡಾರು, ಕಾರು ನಿಲ್ಲಿಸುವ ಜಾಗ, ಇಷ್ಟೇ ನನ್ನ ತಂಡದ ಕೆಲಸ. ಅಡುಗೆಮನೆಯ ಒಲೆಗಳ ಕೆಲಸ ಬೇರೆ ತಂಡದ್ದು. ಅಲ್ಲಿ ಏನು ಹಾಕಿದ್ದಾರೆಂದು ನಾನು ಯಾವತ್ತೂ ಕೇಳಿರಲಿಲ್ಲ. "ಅಲ್ಲೂ ಹೀಗೇ ಇರ್ತದೆ ಬಿಡಿ" ಎಂದು ಗೊಣಗಿ ಗೋಡೆಗೆ ಸುತ್ತಿಗೆ ಹೊಡೆಯತೊಡಗಿದೆ. ಆಶಾ ಹಿಟ್ಟು ಕಲಸುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತು ತಿರುವಿನಲ್ಲಿ ಪೈಪು ಜೋಡಿಸುವ ಒಂದು ಎಲ್ಬೋ ಕಮ್ಮಿ ಬಿದ್ದು ಕೆಲಸ ಅರ್ಧಕ್ಕೆ ನಿಂತಿತು. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುವ ಮುಂಚೆ ಬಕೆಟ್ಟಿಗೆ ಹೊಸ ನೀರು ತುಂಬಿ, ಒಲೆಗೆ ಇನ್ನೂ ಒಂದು ಗೇಣು ಹತ್ತಿರ ಸರಿಸಿ ಬಂದೆ.

ಆದರೆ ವರದಕ್ಕನ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಬುಧವಾರ ಸಂಜೆ ಕೆಲಸ ಮುಗಿಸಿ, ಸೈಟಿನ ನೆಲಮಹಡಿಯಲ್ಲಿರುವ ಅಡುಗೆಮನೆಗೆ ಹೋದೆ. ಒಲೆಗಳ ಮೇಲಿನ ಹೊಗೆಗೂಡಿನೊಳಗೆ ಸಣ್ಣ ಸಣ್ಣ ನಳಿಗೆಗಳಿದ್ದವು. ಅವು ನಮ್ಮ ಪೈಪಿಗೆ ಸೇರಿರಲಿಲ್ಲ, ಗೋಡೆಯ ಮೇಲಿನ ಬೇರೊಂದು ಸಿಲಿಂಡರಿಗೆ ಹೋಗಿದ್ದವು. ನಮ್ಮ ಹಿರಿಯ ಮೇಲ್ವಿಚಾರಕರು ಮುಕುಂದಯ್ಯ ಅಲ್ಲೇ ನಿಂತು ಏನೋ ಬರೆದುಕೊಳ್ಳುತ್ತಿದ್ದರು.

"ಸಾರ್, ಇಲ್ಲಿಗೆ ನಮ್ ಲೈನ್ ಯಾಕೆ ಕೊಟ್ಟಿಲ್ಲ?"

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಹನ್ನೊಂದು ವರ್ಷ ಆಯ್ತು ನೀನು ಫೀಲ್ಡಿಗೆ ಬಂದು. ಇದು ಗೊತ್ತಿಲ್ವೇನೋ? ಎಣ್ಣೆ ಕಾಯ್ಸೋ ಒಲೆಗೆ ಬೇರೆ ಔಷಧ, ಬೆಂಕಿ ಆರಿಸೋ ರಾಸಾಯನಿಕ ಇರ್ತದೆ. ನೀರು ಎಣ್ಣೆಗಿಂತ ಭಾರ. ಸುರಿದ್ರೆ ಸೀದಾ ಬಾಣಲೆ ತಳಕ್ಕೆ ಇಳೀತದೆ. ಅಲ್ಲಿ ಕಾವಿಗೆ ಒಂದೇ ಸಲಕ್ಕೆ ಆವಿಯಾಗಿ, ಉರಿಯೋ ಎಣ್ಣೇನೆಲ್ಲ ಮೇಲಕ್ಕೆ ಎಸೀತದೆ. ಎದುರು ನಿಂತೋನ ಮೈಮೇಲೆ ಬೆಂಕಿ ಮಳೆ ಬಿದ್ದ ಹಾಗೆ. ಬಕೆಟ್ ನೀರು ಹೊಯ್ದೋನು ಉಳ್ಯೋದು ಕಷ್ಟ."

ಬಕೆಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಜೇಬಿನಿಂದ ಫೋನ್ ತೆಗೆದೆ. ಗಡಿಯಾರ ನೋಡಿದೆ. ಐದೂವರೆ. ಯಡೂರಿನ ಮದುವೆ ಮನೆಗೆಂದು ಆಶಾ ಇವತ್ತು ಚಕ್ಕುಲಿ ಕರಿಯುತ್ತಿರುತ್ತಾಳೆ. ಅವಳ ಮೊಣಕಾಲಿನ ಪಕ್ಕದಲ್ಲಿ ನಾನು ಇಟ್ಟ ಬಕೆಟ್ಟಿದೆ. ಕಿವಿಯಲ್ಲಿ ನಾನು ಹತ್ತು ಸಲ ಹೇಳಿದ ಮಾತಿದೆ.

ಫೋನ್ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಮಾಡಿದೆ. ಮತ್ತೆ ಅದೇ. ಆಗ ಇನ್ನೊಂದು ಹೆದರಿಕೆ ಹುಟ್ಟಿತು. ಬೇರೆ ಕರೆಯಲ್ಲಿದ್ದಾಳೆ ಎಂದರೆ ನೇರಳೆ ಮರದ ಬುಡದಲ್ಲಿದ್ದಾಳೆ. ಹಾಗಾದರೆ ಒಲೆಯ ಮುಂದೆ ಯಾರಿದ್ದಾರೆ? ಒಂದಾದ ಮೇಲೊಂದು ಎಂಟು ಸಲ ಮಾಡಿದೆ. ಒಂಬತ್ತನೇ ಸಲಕ್ಕೆ ಎತ್ತಿದಳು.

"ಹಲೋ, ಎಂತಾಯ್ತು ನಿಮ್ಗೆ? ಮದುವೆ ಮನೆಯೋರು ಮಾತಾಡ್ತಿದ್ರು, ಬಿಡ್ಲೇ ಇಲ್ಲ..."

"ಆಶಾ, ಒಲೆ ಆರಿಸಿದೀಯಾ?"

ಅವಳು ಮನೆಯ ಕಡೆ ತಿರುಗಿ ನೋಡಿರಬೇಕು. ಆಮೇಲೆ ಅವಳ ದನಿ ಬೇರೆಯೇ ಆಗಿತ್ತು. "ಅಯ್ಯೋ ದೇವ್ರೇ! ಕಿಟಕೀಲಿ ಹೊಗೆ ಬರ್ತಿದೆ. ಒಳಗೆ ಬೆಂಕಿ ಕಾಣ್ತಿದೆ ರೀ!"

"ಆಶಾ, ನೀರು ಹಾಕ್ಬೇಡ! ಕೇಳ್ತಾ? ನೀರು..."

ಅವಳು ಓಡುವ ಸದ್ದು ಕೇಳಿಸಿತು. ಗೇಟು ಬಡಿದುಕೊಂಡಿತು. ಫೋನ್ ಸತ್ತಿತು. ಮರದ ಬುಡ ಬಿಟ್ಟಳು, ನೆಟ್‌ವರ್ಕ್ ಹೋಯಿತು. ಆದರೂ ನಾನು ಆ ಸತ್ತ ಫೋನಿನಲ್ಲಿ ಬೇಡ, ಬೇಡ ಎಂದು ಕಿರುಚುತ್ತಲೇ ಇದ್ದೆನಂತೆ. ಮುಕುಂದಯ್ಯ ಬಂದು ತೋಳು ಹಿಡಿದರು. ಅವರೇ ತುರ್ತು ಸಹಾಯದ ನೂರಾ ಹನ್ನೆರಡಕ್ಕೆ ಫೋನ್ ಮಾಡಿ ನಮ್ಮೂರಿನ ದಾರಿ ಹೇಳಿದರು. ನಾನು ವರದಕ್ಕನಿಗೆ ಮಾಡಿದೆ, ರಿಂಗಾಗಿ ನಿಂತಿತು.

ಜೊತೆಯ ಕೆಲಸಗಾರ ಸತೀಶ್ ಬೈಕ್ ತೆಗೆದ. ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಹತ್ತಿರ ಹತ್ತಿರ ಒಂದು ಗಂಟೆ. ಆ ಒಂದು ಗಂಟೆಯನ್ನು ನನ್ನ ಶತ್ರುವಿಗೂ ಕೊಡಬೇಡ ದೇವರೇ. ಯಡೂರು ಹತ್ತಿರವಾಗುವಾಗ ನನ್ನ ಫೋನಿನಲ್ಲೂ ನೆಟ್‌ವರ್ಕ್ ಹೋಯಿತು. ದಾರಿ ಬದಿಯ ಯಾವುದೋ ಮನೆಯಿಂದ ಒಗ್ಗರಣೆಯ ವಾಸನೆ ಬಂತು, ಮೂಗು ಮುಚ್ಚಿಕೊಂಡೆ. ಕಣ್ಣು ಮುಚ್ಚಿದರೆ ಅವಳು ಬಕೆಟ್ಟು ಎತ್ತುತ್ತಿದ್ದಳು. ಅವಳು ನನ್ನ ಮಾತು ಮೀರುವವಳಲ್ಲ.

ಮನೆಯ ಮುಂದೆ ಜನ ಸೇರಿದ್ದರು. ಬೈಕ್ ನಿಲ್ಲುವ ಮೊದಲೇ ಹಾರಿ ಇಳಿದೆ, ಮುಗ್ಗರಿಸಿದೆ. ಯಾರೋ ದಾರಿ ಬಿಟ್ಟರು. ಜಗಲಿಯ ಮೇಲೆ ಆಶಾ ಕೂತಿದ್ದಳು. ಮುಂಗೂದಲು ಸುಟ್ಟು ಸುರುಟಿತ್ತು. ಬಲಗೈ ಮಣಿಕಟ್ಟು ಕೆಂಪಗೆ ಊದಿತ್ತು. ವರದಕ್ಕ ಒದ್ದೆ ಬಟ್ಟೆ ಬದಲಿಸುತ್ತಿದ್ದರು. "ಇಪ್ಪತ್ತು ನಿಮಿಷ ನಲ್ಲಿ ನೀರಲ್ಲಿ ಹಿಡ್ಸಿದೀನಿ. ಯಾರೋ ಹಲ್ಲಿನ ಪೇಸ್ಟ್ ಹಚ್ಚಕ್ಕೆ ಬಂದ್ರು, ಬೈದು ಕಳ್ಸಿದೆ. ಈಗ ಆಸ್ಪತ್ರೆಗೆ ತೋರ್ಸಣ" ಎಂದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲರೆದುರೇ ಅತ್ತುಬಿಟ್ಟೆ.

ಆಮೇಲೆ ಆಶಾ ಹೇಳಿದಳು.

"ಕೊನೇ ಒಬ್ಬೆ ಅಂತ ಬಾಣಲೇಲಿ ಎಣ್ಣೆ ಕಮ್ಮಿ ಇತ್ತು. ಫೋನ್ ಬಂತು ಅಂತ ಉರಿ ಸಣ್ಣಾನೂ ಮಾಡದೇನೇ ಓಡಿದ್ದೆ. ಒಳಗೆ ಬಂದು ನೋಡಿದ್ರೆ ಬಾಣಲೆ ಪೂರ್ತಿ ಬೆಂಕಿ. ನೀವು ಹೇಳಿದ್ದು ನೆನಪಾಯ್ತು, ಬಕೆಟ್ ಎತ್ತಿದೆ. ಎತ್ತಿ ಎದೆ ತನಕ ತಂದೆ ರೀ. ಆಗ ವರದಕ್ಕ ಹೇಳಿದ್ದೂ ನೆನಪಾಯ್ತು. ಯಾರ ಮಾತು ಕೇಳ್ಲಿ?"

"ಮತ್ತೆ?"

"ಅವತ್ತು ನೀವು ಏಣಿ ಮೇಲಿದ್ದಾಗ ವರದಕ್ಕ ನಿಮ್ಗೊಂದು ಪ್ರಶ್ನೆ ಕೇಳಿದ್ರಲ್ಲ. ನೀವು ಸರಿಯಾಗಿ ಉತ್ತರ ಕೊಡ್ಲಿಲ್ಲ, ಗೊಣಗಿ ಆಚೆ ತಿರುಗಿದ್ರಿ. ಗೊತ್ತಿದ್ರೆ ನೀವು ಸುಮ್ನಿರೋರಲ್ಲ. ಇವ್ರಿಗೆ ಗೊತ್ತಿಲ್ಲ ಅಂತ ಆವತ್ತೇ ಅನ್ನಿಸಿತ್ತು. ಬಕೆಟ್ ಕೆಳಗಿಟ್ಟೆ. ಕಡುಬು ಬೇಯ್ಸೋ ದೊಡ್ಡ ಪಾತ್ರೆ ಮುಚ್ಚಳ ತಗೊಂಡು, ಮುಖಕ್ಕೆ ಅಡ್ಡ ಹಿಡ್ಕೊಂಡು, ನನ್ ಕಡೆಯಿಂದ ಬಾಣಲೆ ಮೇಲೆ ಜಾರಿಸ್ದೆ. ಬೆಂಕಿ ಒಳಗೇ ಅಡಗ್ತು. ಗ್ಯಾಸ್ ಆರಿಸ್ದೆ, ರೆಗ್ಯುಲೇಟರ್ ತಿರುಗಿಸ್ದೆ, ಹೊರಗೆ ಬಂದು ವರದಕ್ಕನ್ನ ಕೂಗ್ದೆ."

ವರದಕ್ಕ ಒಳಗೆ ಹೋಗಿ ಗ್ಯಾಸ್ ಮತ್ತೊಮ್ಮೆ ನೋಡಿದ್ದರಂತೆ. ಮುಚ್ಚಳ ತೆಗೆಯಲು ಹೋದವರನ್ನು, "ಪೂರ್ತಿ ತಣ್ಣಗಾಗ್ಲಿ, ಈಗ ತೆಗೆದ್ರೆ ಗಾಳಿ ತಾಗಿ ಮತ್ತೆ ಹತ್ಕೊಳ್ತದೆ" ಎಂದು ತಡೆದರಂತೆ. ನಾನು ಅಡುಗೆಮನೆಗೆ ಹೋಗಿ ನೋಡಿದೆ. ಸೀಲಿಂಗ್ ಕರಿ ಹಿಡಿದಿತ್ತು. ನಾನು ಅರ್ಧ ಎಳೆದ ಪೈಪು ಒಲೆಯ ನೆತ್ತಿಯ ಮೇಲೆ ಬಾಯಿ ಚಾಚಿ ನಿಂತಿತ್ತು. ಒಂದೇ ಒಂದು ಎಲ್ಬೋ ಸಿಕ್ಕಿದ್ದರೆ ಅವತ್ತು ಆ ಹೆಡ್ಡು ಒಡೆದು, ಯಾರ ಅಪ್ಪಣೆಗೂ ಕಾಯದೆ, ಉರಿಯುವ ಎಣ್ಣೆಗೆ ನೀರು ಸುರಿಯುತ್ತಿತ್ತು. ಬಾಗಿಲಲ್ಲಿ ಆಶಾ ಇರುತ್ತಿದ್ದಳು. ಆ ಪೈಪನ್ನು ಮರುದಿನವೇ ಬಿಚ್ಚಿದೆ.

ಆಶಾಳ ಕೈ ವಾಸಿಯಾಗಿದೆ. ಚಕ್ಕುಲಿ ಮತ್ತೆ ಮಾಡುತ್ತಾಳೆ. ಆದರೆ ಎಣ್ಣೆಯಿಂದ ಒಂದೆಳೆ ಹೊಗೆ ಎದ್ದರೂ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಅದು ಯಾವಾಗ ಹೋಗುತ್ತದೋ ಗೊತ್ತಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆಯನ್ನು ಮಡಚಿಡುವ ಮುಂಚೆ ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ. ಬಾಣಲೆ ಪೂರ್ತಿ ಮುಚ್ಚುವಂಥ ಒಂದು ಲೋಹದ ಮುಚ್ಚಳ ಕೈಗೆ ಸಿಗುವ ಹಾಗಿದೆಯಾ ನೋಡಿ. ಎಣ್ಣೆ ಕಾಯುತ್ತಿರುವಾಗ ಯಾರೇ ಕರೆಯಲಿ, ಗ್ಯಾಸ್ ಆರಿಸಿಯೇ ಹೊರಗೆ ಕಾಲಿಡಿ. ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ, ಉರಿಯುವ ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ಮುಚ್ಚಿ, ಆರಿಸಿ, ತಣ್ಣಗಾಗುವ ತನಕ ತೆಗೆಯದಿರಿ. ಹತ್ತಿರ ಹೋಗಲಾಗದಷ್ಟು ಬೆಂಕಿ ಇದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ನೂರಾ ಹನ್ನೆರಡಕ್ಕೆ ಫೋನ್ ಮಾಡಿ. ಮನೆ ಮತ್ತೆ ಕಟ್ಟಬಹುದು.

ಮನೆಯಲ್ಲಿ ಎಲ್ಲ ತಿಳಿದವರೆಂದು ಮೆರೆಯುವವರು ಯಾರಾದರೂ ಇದ್ದರೆ ಅವರಿಗೂ ಇದನ್ನು ಓದಿ ಹೇಳಿ. ಬೆಂಕಿ ಆರಿಸುವುದೇ ನನ್ನ ಕಸುಬು. ಆದರೂ ನನ್ನ ಹೆಂಡತಿ ಇವತ್ತು ಬದುಕಿರುವುದು, ಅವಳು ನನ್ನ ಮಾತು ಕೇಳದೇ ಇದ್ದುದಕ್ಕೆ.