ನನ್ನ ಬೆರಳಿನ ಕ್ಲಿಪ್ಪು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆಡದೆಯೂ ಹೋಗುತ್ತದೆ. ಊರಿಗೆಲ್ಲ ಬಾಯಿ ಮಾಡುವ ಈ ಮೂಕಮ್ಮಾಳ್ ಒಂದು ಮಾತನ್ನು ಮೂರು ತಿಂಗಳು ನುಂಗಿಕೊಂಡು ಕೂತಿದ್ದೆ.

ಮೊಮ್ಮಗಳು ತಮಿಳರಸಿಗೆ ಹದಿಮೂರು. ಕೂಸಾಗಿದ್ದಾಗ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ನಾನು ದಡ್ಡಿ, ನಗುತ್ತಿದ್ದೆ. ಅದೇ ರೋಗದ ಗುರುತಂತೆ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹೆಸರು, ಕಫ ಅಂಟಿನ ಹಾಗೆ ಎದೆಯೊಳಗೆ ಕೂತುಬಿಡುತ್ತದೆ. ತಮಿಳುನಾಡಿನ ಕಂಬಂ ನಮ್ಮೂರು; ಅಲ್ಲಿಂದ ತೇನಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಕೊಳವೆ ಊದಿಸಿ ಉಸಿರು ಅಳೆಸುತ್ತೇವೆ. ನೂರರ ಹತ್ತಿರ ಇರಬೇಕಾದದ್ದು ನಲವತ್ತೆಂಟಕ್ಕೆ ಇಳಿದಿತ್ತು. ನಿದ್ದೆಯಲ್ಲೂ ಉಸಿರು ಸಾಲುತ್ತಿಲ್ಲವೇನೋ ಎಂದು ಡಾಕ್ಟರಮ್ಮ ಪುಟ್ಟ ಯಂತ್ರವೊಂದನ್ನು ಕೊಟ್ಟು, ರಾತ್ರಿಯಿಡೀ ಅದರ ಕ್ಲಿಪ್ಪು ಬೆರಳಲ್ಲಿರಲಿ ಎಂದರು.

ಆ ರಾತ್ರಿ ಹುಡುಗಿಯ ತಾಯಿ, ನನ್ನ ಸೊಸೆ ಅಮುದಾ, ದ್ರಾಕ್ಷಿ ಕೊಯ್ದು ದಣಿದು ಮಲಗಿದ್ದಳು. ಕ್ಲಿಪ್ಪು ಒತ್ತಿ ಹುಡುಗಿಗೆ ಮತ್ತೆ ಮತ್ತೆ ಎಚ್ಚರ. ನಮ್ಮ ಮನೆಯಲ್ಲಿ ಮಗುವಿಗೆ ಕಾಯಿಲೆಯಾದರೆ ಮಂತ್ರಿಸಿದ ಕಾಪಿನ ದಾರವನ್ನು ಹಿರಿಯಳೇ ತನ್ನ ಕೈಗೆ ಕಟ್ಟಿಕೊಳ್ಳುತ್ತಾಳೆ; ಫಲ ಮಗುವಿಗೇ ಸಲ್ಲುತ್ತದೆ. ಇದೂ ಕಾಯುವ ವಸ್ತುವೇ ಎಂದು ತಿಳಿದು, ಕಳಚಿ ನನ್ನ ಬೆರಳಿಗೆ ಸಿಕ್ಕಿಸಿಕೊಂಡೆ. ಮಗು ನಿದ್ದೆ ಹೋಯಿತು.

ಡಾಕ್ಟರಮ್ಮ ಯಂತ್ರ ನೋಡಿ, ರಕ್ತದಲ್ಲಿ ಆಕ್ಸಿಜನ್ ರಾತ್ರಿಯೆಲ್ಲ ನೂರಕ್ಕೆ ತೊಂಬತ್ತೇಳು, ಬೇರೆ ಆಕ್ಸಿಜನ್ ಕೊಡಬೇಕಿಲ್ಲ ಎಂದರು. ಅದು ಕಾಯುವುದಲ್ಲ, ಅಳೆಯುವುದು ಎಂದು ನನಗೆ ಆಗಷ್ಟೇ ತಿಳಿಯಿತು. ಆದರೆ ಅಮುದಾ ಅಂದು ಎಷ್ಟೋ ದಿನಕ್ಕೆ ನಕ್ಕಿದ್ದಳು. ಆ ನಗು ಕೆಡಿಸಲು ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಹುಡುಗಿಗೆ ಬೆಳಗಾದರೆ ತಲೆನೋವು, ತರಗತಿಯಲ್ಲಿ ತೂಕಡಿಕೆ. ಮೊನ್ನೆ ಊದಿದಾಗ ಮೂವತ್ತಾರು. ರಾತ್ರಿಯ ಉಸಿರು ಚೆನ್ನಾಗಿತ್ತಲ್ಲ ಎಂದು ಡಾಕ್ಟರಮ್ಮ ಹಳೆಯ ಕಾಗದವನ್ನೇ ತಿರುಗಿಸಿ ನೋಡುತ್ತಿದ್ದರು. ಅವರೊಡನೆ ಆಡಲು ತಮಿಳು ಬಾಯಿಗೆ ಬರಲಿಲ್ಲ. ನಮ್ಮ ಮನೆಮಾತು ಕನ್ನಡದಲ್ಲಿ ಸೊಸೆಗೇ ಹೇಳಿದೆ.

"ಅವತ್ತು ಅದ ನಾ ಹಾಕ್ಕಂಡಿದ್ದೆ, ತಾಯೀ. ಆ ಮೂಚು, ಆ ಉಸ್ರು ನಂದು."

ಅಮುದಾ ಬೈಯದೆ, ಅದನ್ನು ತಮಿಳಿನಲ್ಲಿ ಡಾಕ್ಟರಮ್ಮನಿಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಮತ್ತೆ ಯಂತ್ರ ಕೊಟ್ಟರು. ಕಳೆದ ಮೂರು ತಿಂಗಳನ್ನು ಮಾತ್ರ ಯಾರೂ ಕೊಡಲಾರರು ಎಂದು ಅವರ ಮುಖವೇ ಹೇಳಿತು.

ಈ ರಾತ್ರಿ ಕ್ಲಿಪ್ಪು ಮೊಮ್ಮಗಳ ಬೆರಳಲ್ಲೇ ಇದೆ. ನನಗೆ ಓದು ಬಾರದು, ಅಂಕಿ ಗೊತ್ತಾಗುತ್ತದೆ. ತೊಂಬತ್ತು. ಎಂಬತ್ತಾರು. ಎಪ್ಪತ್ತೊಂಬತ್ತು. ಅವಳು ಕಣ್ಣು ಬಿಟ್ಟಳು.

"ಅಪ್ಪತ್ತಾ, ನಿಂಗೆ ಎಷ್ಟಿತ್ತು?"

"ತೊಂಬತ್ತೇಳು, ಕಣ್ಣು."

"ಹಂಗಾದ್ರೆ ನಂಗೂ ಕೊಂಚ ಕೊಡು," ಎಂದು ಗೇಲಿ ಮಾಡಿ ಮತ್ತೆ ಕಣ್ಣು ಮುಚ್ಚಿದಳು.

ಅರವತ್ತು ವರ್ಷ ಒಲೆಯ ಹೊಗೆ ಕುಡಿದ ಎದೆ ನನ್ನದು, ಆದರೂ ತೊಂಬತ್ತೇಳು. ಅವಳ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಕೂತೆ. ಅಂಕಿ ಎಪ್ಪತ್ತೆಂಟಕ್ಕೆ ಇಳಿಯಿತು.