ತಾಮ್ರದ ಹಂಡೆಯ ಪಾಚಿ

ಎಂಬತ್ತನೇ ಇಸವಿಯ ಡೀಸೆಲ್ ಬರದಲ್ಲಿ ಕ್ಯೂವಿನ ತಲೆ ಅಜ್ಜಂಪುರದಲ್ಲಿದ್ದರೆ ಬಾಲ ತರೀಕೆರೆಯಲ್ಲಿತ್ತು. ನಡುವೆ ನಿಂತವರಿಗೆ ಗಡ್ಡ ಬೆಳೆದು, ಅದರಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿಯೂ ಹಾರಿಹೋಗಿತ್ತು. ಅಂಥ ಹೊತ್ತಿನಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಬುಕ್ಕಾಂಬುಧಿಗೆ ಬಂದು, ಪಾಚಿಯಲ್ಲಿ ಎಣ್ಣೆಯಿದೆ, ಹಿಂಡಿದ್ದು ಇಂಜಿನ್ನಿಗೆ, ಉಳಿದ ಹಿಂಡಿ ದನಕ್ಕೆ ಎಂದರು. ಅಲ್ಲಿನ ಪಾಚಿಗಟ್ಟಿದ ಕೆರೆಗೆ ಇಳಿದ ಕೊಕ್ಕರೆ ಗಿಳಿಯಾಗಿ ಏಳುತ್ತಿದ್ದ ಕಾಲ; ಊರು ನಂಬಿತು.

ಮೇಷ್ಟ್ರು ಹಂಚಿದ್ದರಲ್ಲಿ ತೆಂಗಿನ ತೋಟದ ಬೆನಕಪ್ಪನಿಗೂ ಒಂದು ಬಾಟಲಿ ಪಾಚಿ ಸಿಕ್ಕಿತು. ತಿಂಗಳೊಳಗೆ ಯಾರ ಮನೆಯಲ್ಲಿ ಅದು ಚೆನ್ನಾಗಿ ಹಬ್ಬುವುದೋ ಅವರಿಗೆ ಪಾಚಿ ಬೆಳೆಸಲು ಕಾಲೇಜಿನಿಂದ ಸಿಮೆಂಟಿನ ಕೊಳ. ಕೊಳ ತನ್ನದೇ ಎಂದು ಬೆನಕಪ್ಪ ಆಗಲೇ ಕಡೂರಿನವರೆಗೂ ಸಾರಿಬಿಟ್ಟಿದ್ದ.

ಅಂಥ ಪಾಚಿಯನ್ನು ಎಲ್ಲೆಂದರಲ್ಲಿ ಇಡಲಾದೀತೇ? ಈಗ ಮಠದ ಸ್ವಾಮಿಗಳು ಬಂದಾಗ ಮಾತ್ರ ಹೊರಬರುವ, ಅಜ್ಜನ ಕಾಲದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ, ಸೂರ್ಯ ನಾಚುವಷ್ಟು ಬೆಳಗಿ, ನೀರು ತುಂಬಿ, ಪಾಚಿಯನ್ನು ಅದಕ್ಕೆ ಸುರಿದ. ಮೂರನೇ ದಿನಕ್ಕೆ ಪಾಚಿ ಬಿಳಿಚಿಕೊಂಡಿತು. ಹಂಡೆ ಮಾಸಿತೇನೋ ಎಂದು ಮತ್ತೆ ಬೆಳಗಿದ. ಇನ್ನೂ ಬಿಳಿಚಿತು. ಬಿಸಿಲು ಹೆಚ್ಚಾಯಿತೋ, ದೃಷ್ಟಿ ತಾಗಿತೋ, ಒಂದೂ ಹೊಳೆಯದೆ ಹಂಡೆಯನ್ನು ಮನೆಯ ಎಂಟು ದಿಕ್ಕಿಗೂ ಹೊತ್ತು ತಿರುಗಿದ.

ಹೆಂಡತಿ ವಿಶಾಲಾಕ್ಷಮ್ಮ ಬೇಸತ್ತು ಆ ನೀರನ್ನು ಎಮ್ಮೆಯ ಕಲ್ಲುಬಾನಿಗೆ ಚೆಲ್ಲಿದಳು. ಹದಿನೈದು ದಿನಕ್ಕೆ ಬಾನಿ ಎಷ್ಟು ಹಸಿರಾಯಿತೆಂದರೆ ಎಮ್ಮೆ ನೀರನ್ನು ಕುಡಿಯುವುದು ಬಿಟ್ಟು ಅಗಿಯತೊಡಗಿತು.

"ಇಲ್ಲೇ ಬಿಡ್ರೀ. ನಾಡಿದ್ದು ಮೇಷ್ಟ್ರು ಬಂದು ನೋಡ್ಲಿ."

"ಲೇ, ಓದ್ಕೊಂಡೋರಿಗೆ ಎಮ್ಮೆ ಬಾನಿ ತೋರ್ಸೋಕಾಯ್ತದೇನೇ?" ಎಂದ ಬೆನಕಪ್ಪ, ಅಷ್ಟನ್ನೂ ಮೊಗೆದು, ಹೊಸದಾಗಿ ಬೆಳಗಿದ ಹಂಡೆಗೆ ತುಂಬಿದ.

ಮೇಷ್ಟ್ರು ಬಂದು ಬಗ್ಗಿದಾಗ ಅದರಲ್ಲಿ ಅವರ ಮುಖವಷ್ಟೇ ಕಂಡಿತು.

"ತೆಂಗಿಗೆ ಮೈಲುತುತ್ತ ಯಾಕ್ರೀ ಹೊಡೀತೀರಿ?"

"ಬೂಷ್ಟು ಸಾಯ್ಲಿ ಅಂತ."

"ಅದ್ರಲ್ಲಿರೋದೂ ತಾಮ್ರ, ಇದೂ ತಾಮ್ರ. ಪಾಚೀನೂ ಸಾಯ್ತದೆ."

ಬೆನಕಪ್ಪನ ತಲೆ ಇನ್ನಷ್ಟು ಕಲಸಿಹೋಯಿತು. "ಈ ಹಂಡೆ ನೀರು ಕುಡ್ದೇ ನಮ್ಮಜ್ಜ ನೂರಾಹತ್ತು ವರ್ಷ ಇದ್ನಲ್ಲ ಸಾ?"

"ನಿಮ್ಮಜ್ಜ ಪಾಚಿ ಅಲ್ವಲ್ರೀ."

"ಬಾನಿ ತಳದಾಗೆ ಇನ್ನೂ ಐತೆ," ಎಂದಳು ವಿಶಾಲಾಕ್ಷಮ್ಮ. ಮೇಷ್ಟ್ರು ಎಮ್ಮೆಯನ್ನು ಸರಿಸಿ ಕೈ ಹಾಕಿದರು. ಮೊಣಕೈವರೆಗೂ ಹಸಿರಾಗಿ ಬಂತು. ನಿಂತಲ್ಲೇ ಕಾಗದ ತೆಗೆದು ಕೊಳಕ್ಕೆ ಅವಳ ಹೆಸರು ಬರೆದರು.

"ತೋಟ ನಂದಲ್ವಾ ಸಾ?"

"ತೋಟ ನಿಮ್ದೇ, ಪಾಚಿ ಅಮ್ಮಾವ್ರದು. ಕೊಳದ ಹತ್ರ ನೀವು ತಾಮ್ರ ತರ್ದಿದ್ರೆ ಸಾಕು."

ಗೆದ್ದದ್ದೋ ಸೋತದ್ದೋ ಗೊತ್ತಾಗದೆ ನಿಂತ ಬೆನಕಪ್ಪ ತನ್ನ ಬೆರಳಿನ ತಾಮ್ರದುಂಗುರ ನೋಡಿಕೊಂಡ. ಮೆಲ್ಲಗೆ ಆ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿ, ಬಾನಿಯಿಂದ ಎರಡು ಹೆಜ್ಜೆ ಹಿಂದೆ ನಿಂತ.