ಮೊಲದ ಕಿವಿಯ ಹುಳು

ಅತ್ತರಿನ ವಾಸನೆ ಬಂದರೆ ನಾನು ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಅದಕ್ಕೆ ಕಾರಣ ನನ್ನ ಗಂಡ ಶಫೀವುಲ್ಲಾ, ಮದ್ದೂರಿನ ಸೈಕಲ್ ರಿಪೇರಿಯವನು.

೧೯೪೧ರ ಮಾತು. ಮಳವಳ್ಳಿ ಬಂಗಲೆಯ ಇಂಗ್ಲಿಷ್ ದೊರೆಗೆ ಊಟಿಯ ಟ್ರೌಟ್ ಮೀನು ಹಿಡಿಯುವ ಹುಚ್ಚು. ವಿಲಾಯತಿಯಿಂದ ಬರುತ್ತಿದ್ದ ಹುಳುಗಳು ಯುದ್ಧದ ದೆಸೆಯಿಂದ ನಿಂತಿದ್ದವು. ಹುಳು ಎಂದರೆ ನಿಜದ್ದಲ್ಲ; ಗಾಳದ ಕೊಕ್ಕೆಗೆ ತುಪ್ಪಳ, ದಾರ ಸುತ್ತಿ ನೀರಡಿಯ ಮರಿಹುಳುವಿನಂತೆ ಮಾಡಿದ್ದು. ನಿಂಫ್ ಅಂತ ಅದರ ಹೆಸರು. ನೀರಿಗೆ ಹಾಕಿದರೆ ಅದು ಮುಳುಗಲೇಬೇಕು. ಟೋಪಿಗೆ ಜರಿ ಹೊಲಿಯುವ ನಾನು ಶಿಂಷಾ ಹೊಳೆಯ ಕಲ್ಲು ಮಗುಚಿ, ಹುಳು ನೋಡಿಬಂದು ಹತ್ತು ಬಗೆ ಕಟ್ಟಿದೆ. ದೊರೆಗೆ ಮೆಚ್ಚಿಗೆಯಾದರೆ ವರ್ಷವಿಡೀ ಕೆಲಸ. "ಕಟ್ಟಿದ್ದು ರಹೀಮುನ್ನೀಸಾ ಅಂತ ಯೋಳಿ" ಎಂದು, ಅವನ್ನು ದೊರೆಗೆ ಒಪ್ಪಿಸಬೇಕಿದ್ದ ಗಂಡನಿಗೆ ನೂರು ಸಲ ಹೇಳಿದ್ದೆ. ಕೆಲಸಕ್ಕಿಂತ ನನಗೆ ಆ ಒಂದು ಮಾತು ಬೇಕಿತ್ತು.

ದೊಡ್ಡವರಿಗೆ ಏನೇ ಕೊಟ್ಟರೂ ಅತ್ತರು ಹಚ್ಚಿ ಕೊಡುವುದು ನಮ್ಮ ಮನೆಯ ಪದ್ಧತಿ. ಈ ಪುಣ್ಯಾತ್ಮ ಹುಳುಗಳಿಗೂ ಹಚ್ಚಿದ! ನಾನು ಜೊತೆಗೆ ಹೋಗಿ ಬಂಗಲೆಯ ಜಗಲಿಯಲ್ಲಿ ಕೂತಿದ್ದೆ. ದೊರೆ ಬೋಗುಣಿಯ ನೀರಿಗೆ ಒಂದೊಂದೇ ಹಾಕಿದ. ಅತ್ತರಿನ ಜಿಡ್ಡಿಗೆ ಒಂಬತ್ತೂ ತೇಲಿದವು. ಮೊಲದ ಕಿವಿಯ ತುಪ್ಪಳದಿಂದ ಕಟ್ಟಿದ್ದ, ಕೆದರಿದ ಕಂದು ಹುಳು ಮಾತ್ರ ಮುಳುಗಿತು. ಕುರೂಪಿ ಎಂದು ಅದಕ್ಕೆ ನನ್ನ ಗಂಡ ಅತ್ತರು ದಂಡ ಮಾಡಿರಲಿಲ್ಲ.

"ಇದೇ ನನಗೆ ಮೆಚ್ಚು. ಯಾರು ಕಟ್ಟಿದ್ದು?" ದೊರೆ ಕೇಳಿದ.

"ನಾನೇ ಸಾಮಿ" ಎಂದ ನನ್ನ ಗಂಡ.

ಥೂ! ಬಾಯಿತುಂಬ ಉಗುಳು ಬಂತು, ನುಂಗಿಕೊಂಡೆ. ಭಾನುವಾರ ಮನೆಗೇ ಬಂದು ಕಟ್ಟುವುದನ್ನು ನೋಡುತ್ತೇನೆ ಎಂದ ದೊರೆ.

ದಾರಿಯುದ್ದಕ್ಕೂ ಗಂಡ ಗೋಗರೆದ. "ಬುಡು ಕಣಮ್ಮ, ಗಂಡ ಎಂಡ್ತಿ ಬ್ಯಾರೆನಾ? ನೀನೇ ಕಟ್ಬುಡು."

"ನೀವೇ ಕಟ್ಟಿದ್ದಲ್ವಾ? ಭಾನ್ವಾರನೂ ನೀವೇ ಕಟ್ಟಿ."

ಭಾನುವಾರ ನೋಡಿದರೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾನೆ! ದೊರೆ ಬಂದೊಡನೆ ಮುಖ ಕಿವುಚಿ, "ಚೈನಿಗೆ ಸಿಕ್ಕಿ ಜಜ್ಜೋಯ್ತು ಸಾಮಿ. ನಾ ಯೋಳ್ಕೊಟ್ಟಂಗೆ ಇವಳು ಕಟ್ತಾಳೆ" ಎಂದ. ಹೇಸಿಗೆಯಿಂದ ನನ್ನ ಮೈಯೆಲ್ಲ ಮುಳ್ಳೆದ್ದಿತು. ದೊರೆ ಅವನ ಬೆರಳಿಗೆ ಮರುಗಿ, ನನ್ನ ಕಡೆ ತಿರುಗಿದ.

"ಗಂಡನ ಹತ್ತಿರ ಚೆನ್ನಾಗಿ ಕಲಿತುಕೋ ಅಮ್ಮ."

ನಾನು ಗಂಡನ ಪಕ್ಕದಲ್ಲಿ ಕೂತು, ಬಲು ಅಕ್ಕರೆಯಿಂದ ಆ ಬಟ್ಟೆ ಬಿಚ್ಚಿದೆ. ಗಾಯ ಹಾಗಿರಲಿ, ತರಚಿದ ಗೆರೆಯೂ ಇರಲಿಲ್ಲ.

"ವಾಸಿಯಾಗೈತೆ" ಎಂದು ಕೊಕ್ಕೆಯನ್ನು ಅವನ ಕೈಗೇ ಇಟ್ಟೆ. "ಊಂ, ಕಟ್ಟಿ."